ದೋಣಿ ಹತ್ತಿದ ನಾಯಿ ದಡಕ್ಕಿಳಿದಾಗ

ಹಿನ್ನೀರು ಇಳಿಯುವ ಕಾಲ ಬಂದಿದೆ. ಮಳೆಗಾಲದ ಕೊನೆಯಲ್ಲಿ ತೋಟದ ಅಂಚಿನವರೆಗೂ ಬಂದು ನಿಂತಿದ್ದ ಶರಾವತಿಯ ನೀರು ಈಗ ದಿನದಿನಕ್ಕೆ ಹಿಂದೆ ಸರಿಯುತ್ತಿದೆ. ಕೆಂಪು ಮಣ್ಣಿನ ಬೋಳು ದಿಬ್ಬಗಳು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿದಾಗ ಮುಳುಗಿದ ಕಾಡಿನ ಕಪ್ಪು ಬೊಡ್ಡೆಗಳು ಒಂದೊಂದಾಗಿ ತಲೆಯೆತ್ತುತ್ತಿವೆ. ಇದೇ ಹೊತ್ತಿಗೆ ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗಳು ಊರಿಗೆ ಮರಳುತ್ತಾರೆ, ಪಟ್ಟಣದ ನೆಂಟರು ಬರುತ್ತಾರೆ, ಹೋಂ ಸ್ಟೇಗಳ ಅಂಗಳದಲ್ಲಿ ಕವುಚಿ ಇಟ್ಟಿದ್ದ ಕಯಾಕ್‌ಗಳು ನೀರಿಗಿಳಿಯುತ್ತವೆ. ಇತ್ತೀಚಿನ ವರ್ಷಗಳಲ್ಲಿ ಈ ದೃಶ್ಯಕ್ಕೆ ಇನ್ನೊಂದು ಸೇರ್ಪಡೆಯಾಗಿದೆ. ಹಳದಿಯೋ ಕಿತ್ತಳೆಯೋ ಬಣ್ಣದ ಆ ಸಪೂರ ದೋಣಿಯ ಮೂತಿಯಲ್ಲಿ ಕಿವಿ ನಿಮಿರಿಸಿ ಕುಳಿತ ಒಂದು ನಾಯಿ.

ಕಳೆದ ತಿಂಗಳು ಹಿನ್ನೀರಿನ ದಂಡೆಯಲ್ಲಿ ನಡೆದ ವಿದ್ಯಾರ್ಥಿ ಶಿಬಿರವೊಂದರಲ್ಲಿ ಪದವಿ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ನಮ್ಮನೆ ನಾಯೀನ ಕಯಾಕ್‌ನಲ್ಲಿ ಕರ್ಕೊಂಡು ಹೋಗಬಹುದಾ? ಅದರಿಂದ ಏನಾದರೂ ತೊಂದರೆ ಇದೆಯಾ?” ಮಣ್ಣು, ಗೊಬ್ಬರ, ಕೊಳೆರೋಗಗಳ ಬಗ್ಗೆ ಕೇಳಿದ್ದರೆ ಥಟ್ಟನೆ ಉತ್ತರಿಸುತ್ತಿದ್ದೆ. ಈ ಪ್ರಶ್ನೆಗೆ ಮಾತ್ರ ಆ ಕ್ಷಣದಲ್ಲಿ ಸರಿಯಾದ ಉತ್ತರ ಕೊಡಲಾಗಲಿಲ್ಲ. ತಿಳಿಯದೆ ಅಲ್ಲ; ಉತ್ತರ ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಮೊದಲು ಹೇಳಬೇಕಾಗಿತ್ತು. ಅಂದು ಹೇಳದೆ ಉಳಿಸಿಕೊಂಡದ್ದನ್ನು ಇಂದು ಈ ಪುಟದಲ್ಲಿ ಬರೆಯುತ್ತಿದ್ದೇನೆ.

ನಾಯಿ ದೋಣಿ ಹತ್ತುವುದು ಮಲೆನಾಡಿಗೆ ಹೊಸತಲ್ಲ. ಮುಳುಗಡೆಯಾದ ಮೇಲೆ ಹಿನ್ನೀರಿನ ಊರುಗಳ ಬದುಕು ದೋಣಿಯನ್ನೇ ನೆಚ್ಚಿಕೊಂಡಿತು. ಗದ್ದೆ ಒಂದು ದಡದಲ್ಲಿ, ಮನೆ ಇನ್ನೊಂದು ದಡದಲ್ಲಿ ಇದ್ದವರು ನಾಯಿಯನ್ನು ಹಿಂದೆ ಬಿಟ್ಟು ಹೋಗುತ್ತಿರಲಿಲ್ಲ. ಅಂಬಾರಗೋಡ್ಲು-ಕಳಸವಳ್ಳಿಯ ನಡುವೆ 2025ರ ಜುಲೈನಲ್ಲಿ ಸೇತುವೆ ಸಂಚಾರಕ್ಕೆ ತೆರೆಯುವವರೆಗೂ ಜನ, ಜೀಪು, ಅಡಿಕೆ ಮೂಟೆಗಳನ್ನು ದಾಟಿಸುತ್ತಿದ್ದುದು ಲಾಂಚ್. ಅದರ ಮೇಲೆ ಟಿಕೆಟ್ಟಿಲ್ಲದೆ ಆಚೀಚೆ ಓಡಾಡಿಕೊಂಡಿದ್ದ ನಾಯಿಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಮೀನು ಹಿಡಿಯುವವರ ದೋಣಿಯ ತುದಿಯಲ್ಲಿ ಕುಳಿತ ನಾಯಿ ಅವರ ಸಂಸಾರದ ಒಂದು ಭಾಗವೇ ಆಗಿತ್ತು. ಆದ್ದರಿಂದ ‘ನಾಯಿಗೆ ದೋಣಿಯಲ್ಲೇನು ಕೆಲಸ’ ಎಂದು ಮೂಗು ಮುರಿಯುವ ಹಕ್ಕು ನಮಗಾರಿಗೂ ಇಲ್ಲ.

ಆದರೆ ಕಯಾಕ್ ಬೇರೆ ಬಗೆಯ ದೋಣಿ. ಅದು ಆರ್ಕ್ಟಿಕ್ ಪ್ರದೇಶದ ಇನ್ಯೂಟ್ ಮತ್ತು ನೆರೆಯ ಜನಾಂಗಗಳು ರೂಪಿಸಿದ ಬೇಟೆಯ ದೋಣಿ. ತೇಲಿಬಂದ ಮರ ಅಥವಾ ತಿಮಿಂಗಿಲದ ಎಲುಬಿನ ಚೌಕಟ್ಟಿನ ಮೇಲೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು, ಒಬ್ಬ ಬೇಟೆಗಾರ ಕೂರುವಷ್ಟೇ ಕಿಂಡಿ ಬಿಟ್ಟು ಅದನ್ನು ಕಟ್ಟುತ್ತಿದ್ದರು. ಸದ್ದಿಲ್ಲದೆ ಪ್ರಾಣಿಯ ಹತ್ತಿರಕ್ಕೆ ಸಾಗುವುದೇ ಅದರ ಉದ್ದೇಶ. ಅದೇ ಜನರು ಹೆಂಗಸರು, ಮಕ್ಕಳು, ಸಾಮಾನು, ನಾಯಿಗಳನ್ನು ಸಾಗಿಸಲು ಊಮಿಯಾಕ್ ಎಂಬ ದೊಡ್ಡ ತೆರೆದ ದೋಣಿಯನ್ನು ಬೇರೆಯಾಗಿ ಇಟ್ಟುಕೊಂಡಿದ್ದರು. ನಾಯಿಯಿಲ್ಲದೆ ಬದುಕೇ ಸಾಗದ ಆ ನಾಡಿನಲ್ಲಿ ನಾಯಿಗೆಂದು ಇದ್ದದ್ದು ಆ ದೊಡ್ಡ ದೋಣಿ. ಇಂದಿನ ಪ್ಲಾಸ್ಟಿಕ್ ಕಯಾಕ್‌ಗಳು ಅಗಲವಾಗಿವೆ, ಮೇಲ್ಭಾಗ ತೆರೆದಿರುತ್ತದೆ, ನಾಯಿಗೂ ಜಾಗವಿರುತ್ತದೆ. ಹಳೆಯ ಗುಣವೊಂದನ್ನು ಮಾತ್ರ ಅವು ಉಳಿಸಿಕೊಂಡಿವೆ: ಸದ್ದಿಲ್ಲದೆ, ಗೇಣು ಆಳದ ನೀರಿನಲ್ಲೂ, ಬೇರಾವ ದೋಣಿಯೂ ಹೋಗದ ಮೂಲೆಗೆ ಅವು ಹೋಗಬಲ್ಲವು. ನಮ್ಮ ಸಂತೋಷಕ್ಕೆ ಕಾರಣವಾದ ಈ ಗುಣವೇ ತೊಂದರೆಯ ಮೂಲವೂ ಆಗಿದೆ.

ನನ್ನ ತಪ್ಪಿನ ಕಥೆ ಇಷ್ಟು. ಕೆಲವು ವರ್ಷಗಳ ಹಿಂದೆ ಒಂದು ಏಪ್ರಿಲ್ ಬೆಳಿಗ್ಗೆ ಹಿನ್ನೀರಿನ ಅಂಚಿನ ಮಣ್ಣಿನ ಮಾದರಿ ತರಲೆಂದು ಸ್ನೇಹಿತರ ಕಯಾಕ್ ಎರವಲು ಪಡೆದು ಹೊರಟಿದ್ದೆ. ಮನೆಯ ನಾಯಿ ಕರಿಯ ಈಜಿಕೊಂಡು ಹಿಂದೆ ಬಂದ. ಪಾಪವೆನಿಸಿ ಎತ್ತಿ ಕೂರಿಸಿಕೊಂಡೆ. ಅರ್ಧ ಗಂಟೆ ಅವನು ಅಲುಗಾಡದೆ ಕುಳಿತಿದ್ದ. ನನಗೆ ಹೆಮ್ಮೆಯೂ ಆಯಿತು. ಆಗಷ್ಟೇ ನೀರಿನಿಂದ ಮೇಲೆದ್ದಿದ್ದ, ಒಂದು ಕಣದಷ್ಟು ಅಗಲದ ನಡುಗಡ್ಡೆಯ ಬಳಿ ದೋಣಿಯ ಮೂತಿ ನೆಲಕ್ಕೆ ತಾಗಿತೋ ಇಲ್ಲವೋ, ಅವನು ಹಾರಿ ಓಡಿದ. ಎರಡು ಟಿಟ್ಟಿಭಗಳು ಚೀರುತ್ತ ಮೇಲೆದ್ದವು. ಒಂದು ಹಕ್ಕಿ ಅವನ ತಲೆಯ ಮೇಲೆಯೇ ಎರಗಿ ಎರಗಿ ಹಾರಿತು. ಅದನ್ನು ಆಟವೆಂದು ತಿಳಿದ ಕರಿಯ ಮತ್ತಷ್ಟು ಓಡಿದ. ನಾನು ಕೆಸರಿನಲ್ಲಿ ಹೂಳುತ್ತ ಏಳುತ್ತ ಹೋಗಿ ಅವನ ಕೊರಳಪಟ್ಟಿ ಹಿಡಿಯುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಕಾಲಬುಡದಲ್ಲಿ ನೋಡಿದರೆ ನಾಲ್ಕು ಮೊಟ್ಟೆಗಳಲ್ಲಿ ಎರಡು ಒಡೆದಿದ್ದವು. ಒಡೆದದ್ದು ಅವನ ಕಾಲಿಗೋ ನನ್ನ ಕಾಲಿಗೋ ಎಂದು ಇಂದಿಗೂ ನನಗೆ ನಿಶ್ಚಯವಿಲ್ಲ.

ಟಿಟ್ಟಿಭ ಗೂಡು ಕಟ್ಟುವ ಹಕ್ಕಿಯಲ್ಲ. ಬಯಲು ನೆಲದಲ್ಲಿ ಒಂದು ಸಣ್ಣ ಕುಳಿ, ಸುತ್ತ ನಾಲ್ಕಾರು ಬೆಣಚುಕಲ್ಲು, ಅಷ್ಟೇ ಅದರ ಸಂಸಾರ. ಮೊಟ್ಟೆಗಳ ಬಣ್ಣ ಮಣ್ಣಿನದೇ, ಅದರ ಮೇಲಿನ ಮಚ್ಚೆಗಳು ಕಲ್ಲಿನವೇ. ಮನುಷ್ಯನ ಕಣ್ಣಿಗೆ ಅವು ಕಾಣದಿರುವುದೇ ಅವುಗಳ ರಕ್ಷಣೆ. ಸುಮಾರು ನಾಲ್ಕು ವಾರ ಕಾವು ಕೊಟ್ಟರೆ ಮರಿ ಹೊರಬರುತ್ತದೆ. ಆದರೆ ನಾಯಿ ಹುಡುಕುವುದು ಕಣ್ಣಿನಿಂದಲ್ಲ, ಮೂಗಿನಿಂದ. ಬಣ್ಣದ ಮರೆ ಅದರೆದುರು ಏನೇನೂ ಸಾಲದು. ಪಂಚತಂತ್ರದ ಕಥೆಯಲ್ಲಿ ಸಮುದ್ರವು ಟಿಟ್ಟಿಭದ ಮೊಟ್ಟೆಗಳನ್ನು ಕೊಂಡೊಯ್ದಾಗ ಹಕ್ಕಿಗಳೆಲ್ಲ ಸೇರಿ ಗರುಡನಲ್ಲಿ ದೂರಿದವು. ವಿಷ್ಣುವಿಗೆ ಅಂಜಿದ ಸಮುದ್ರ ಮೊಟ್ಟೆಗಳನ್ನು ಹಿಂದಿರುಗಿಸಿತು. ನನ್ನ ಮೇಲೆ ದೂರು ಕೊಡಲು ಆ ಜೋಡಿಗೆ ಯಾವ ಗರುಡನೂ ಇರಲಿಲ್ಲ.

ಒಂದು ಜೋಡಿ ಟಿಟ್ಟಿಭದ ಎರಡು ಮೊಟ್ಟೆಗಾಗಿ ಇಷ್ಟು ದೊಡ್ಡ ಮಾತೇಕೆ ಎಂದು ಓದುಗರು ಕೇಳಬಹುದು. ಟಿಟ್ಟಿಭ ಎಲ್ಲೆಡೆಯೂ ಇರುವ ಹಕ್ಕಿ. ಒಂದು ಸಂಸಾರ ಕೆಟ್ಟರೆ ಮತ್ತೊಮ್ಮೆ ಮೊಟ್ಟೆಯಿಡಬಲ್ಲದು. ಎಲ್ಲ ಹಕ್ಕಿಗಳಿಗೂ ಆ ಭಾಗ್ಯವಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಗೆ ಹೋದವರು ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ನೆರೆಯುವ ನದಿ ರೀವಗಳನ್ನು ನೋಡಿರುತ್ತಾರೆ. ಬೂದು ಮೈ, ಕರಿ ಟೋಪಿ, ಹಳದಿ ಕೊಕ್ಕು, ಕವಲೊಡೆದ ಬಾಲದ ಈ ಹಕ್ಕಿಗಳು ಬೇಸಿಗೆಯಲ್ಲಿ ನೀರಿಳಿದು ನಡುಗಡ್ಡೆಗಳು ತೆರೆದುಕೊಂಡೊಡನೆ ಸಾವಿರ ಸಂಖ್ಯೆಯಲ್ಲಿ ಅಲ್ಲಿಗೆ ಬಂದು ಬರಿ ನೆಲದ ಮೇಲೆ ಎರಡು ಮೂರು ಮೊಟ್ಟೆಗಳನ್ನಿಟ್ಟು ಮರಿ ಮಾಡುತ್ತವೆ. ಏಷ್ಯಾದ ನದಿಗಳುದ್ದಕ್ಕೂ ಈ ಹಕ್ಕಿಯ ಸಂಖ್ಯೆ ಕುಸಿದಿರುವುದರಿಂದ 2020ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯು ಅದನ್ನು ‘ಅಪಾಯಕ್ಕೆ ಈಡಾಗಬಲ್ಲ’ ಜೀವಿಗಳ ಸಾಲಿಗೆ ಸೇರಿಸಿತು. ಅಣೆಕಟ್ಟೆಗಳು ನದಿಯ ಮರಳದಿಣ್ಣೆಗಳನ್ನು ಮುಳುಗಿಸಿ ಇಂಥ ಹಕ್ಕಿಗಳ ನೆಲೆ ಕಿತ್ತುಕೊಂಡವು. ಅಂಥದ್ದೇ ಒಂದು ಅಣೆಕಟ್ಟೆಯ ಹಿನ್ನೀರು ಆಕಸ್ಮಿಕವಾಗಿ ಅವುಗಳಿಗೊಂದು ಬಾಣಂತಿಕೋಣೆಯನ್ನು ಕೊಟ್ಟಿದೆ.

ಈ ಬಾಣಂತಿಕೋಣೆಗೆ ಗೋಡೆಯಿಲ್ಲ. ಸುತ್ತಲಿನ ನೀರೇ ಅದರ ಗೋಡೆ. ನರಿ, ಕಾಡುಬೆಕ್ಕು, ಊರುನಾಯಿಗಳು ಸುಲಭವಾಗಿ ದಾಟಲಾರವು ಎಂಬ ನಂಬಿಕೆಯ ಮೇಲೆ ಹಕ್ಕಿಗಳು ಅಲ್ಲಿ ಮೊಟ್ಟೆಯಿಡುತ್ತವೆ. ಚಂಬಲ್ ನದಿಯಲ್ಲಿ ಈ ಗೋಡೆ ಕುಸಿಯುವ ಬಗೆಯನ್ನು ಪಕ್ಷಿತಜ್ಞರು ಗಮನಿಸಿದ್ದಾರೆ. ಮೇಲ್ಗಡೆ ನೀರನ್ನು ಬಳಸಿಕೊಂಡಷ್ಟೂ ಕೆಳಗೆ ಹೊಳೆ ಬತ್ತಿ, ಮರಳದಿಣ್ಣೆಗಳು ದಡಕ್ಕೆ ಕೂಡಿಕೊಳ್ಳುತ್ತವೆ. ಆಗ ಊರುನಾಯಿಗಳು ನಡೆದುಕೊಂಡೇ ಬಂದು ರೀವ ಹಕ್ಕಿಗಳ ಮೊಟ್ಟೆ ಮರಿಗಳನ್ನು ತಿನ್ನುತ್ತವೆ. ಅಲ್ಲಿ ಬರ ಮಾಡುವ ಕೆಲಸವನ್ನು ಇಲ್ಲಿ ನಮ್ಮ ಕಯಾಕ್ ಮಾಡುತ್ತದೆ. ತುಂಬಿದ ನೀರಿನ ನಡುವೆಯೂ ನಾಯಿಯ ಕಾಲಿಗೆ ನಾವೊಂದು ಸೇತುವೆ ಕಟ್ಟಿಕೊಡುತ್ತೇವೆ.

ನಾಯಿ ಮೊಟ್ಟೆಯನ್ನು ತಿನ್ನಲೇಬೇಕೆಂದಿಲ್ಲ, ಮುಟ್ಟಲೂಬೇಕೆಂದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಬರಿ ನೆಲದ ಮೇಲಿರುವ ಮೊಟ್ಟೆಗೆ ಬೇಕಾದದ್ದು ಕಾವಿಗಿಂತ ಹೆಚ್ಚಾಗಿ ನೆರಳು. ತಾಯಿಹಕ್ಕಿ ಮೊಟ್ಟೆಯ ಮೇಲೆ ನಿಂತು ನೆರಳಾಗುತ್ತದೆ. ನೀರಿನಲ್ಲಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಅದನ್ನು ತಂಪು ಮಾಡುತ್ತದೆ. ನಾಯಿಯ ಅಂಜಿಕೆಯಿಂದ ಅದು ಮೇಲೆದ್ದು ಸುತ್ತು ಹಾಕುತ್ತಿರುವಷ್ಟು ಹೊತ್ತೂ ಮೊಟ್ಟೆ ಬಿಸಿಲಿಗೆ ಬೇಯುತ್ತಿರುತ್ತದೆ. ಕಾದು ಕುಳಿತ ಕಾಗೆಗೂ ಹದ್ದಿಗೂ ಅದೇ ಸುಸಮಯ. ನಾವು ಫೋಟೋ ತೆಗೆದು, ನಾಯಿಗೆ ಬಿಸ್ಕತ್ತು ಕೊಟ್ಟು, ‘ಏನೂ ಆಗಲಿಲ್ಲ’ ಎಂದುಕೊಂಡು ಮರಳಿ ಬರುತ್ತೇವೆ. ಆದದ್ದು ನಮ್ಮ ಬೆನ್ನ ಹಿಂದೆ.

ಎರಡನೆಯ ಸಂಗತಿ ಕಣ್ಣಿಗೆ ಕಾಣದ್ದು. ಕಾಳುಮೆಣಸು ಬೆಳೆಯುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸೊರಗು ರೋಗವಿರುವ ತೋಟದಿಂದ ಬಳ್ಳಿ ತಂದರೆ ಬೇರಿಗಂಟಿದ ಮಣ್ಣಿನೊಡನೆ ರೋಗಾಣುವೂ ನಮ್ಮ ತೋಟಕ್ಕೆ ಬರುತ್ತದೆ. ತಂದವನಿಗೆ ಅದರ ಅರಿವೂ ಇರುವುದಿಲ್ಲ. ನಾಯಿಯೂ ಕೆಲವು ರೋಗಗಳನ್ನು ಹಾಗೆ ಹೊತ್ತು ಸಾಗಬಲ್ಲದು. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ನಾಯಿಗಳ ಡಿಸ್ಟೆಂಪರ್ ವೈರಸ್ ಹರಡಿ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಸತ್ತವು; ಸುತ್ತಲಿನ ಹಳ್ಳಿಗಳ ನಾಯಿಗಳತ್ತ ವಿಜ್ಞಾನಿಗಳು ಬೆರಳು ಮಾಡಿದರು. 2018ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಹಲವುದರ ದೇಹದಲ್ಲಿ ಅದೇ ವೈರಸ್ ಪತ್ತೆಯಾಯಿತು. ನಮ್ಮ ಹೊಳೆಗಳಲ್ಲಿ ಸಿಂಹವಿಲ್ಲ, ನೀರುನಾಯಿಗಳಿವೆ. ಹೆಸರಿನಲ್ಲಿ ನಾಯಿಯಿದ್ದರೂ ಅದು ನಾಯಿಯ ಜಾತಿಯದಲ್ಲ. ಆದರೆ ನೀರುನಾಯಿ ಸೇರಿದ ಕುಟುಂಬಕ್ಕೂ ಡಿಸ್ಟೆಂಪರ್ ತಗಲುತ್ತದೆ. ಕಾಡಿನ ಸೀಳುನಾಯಿಗಳಿಗಂತೂ ಅದು ನೇರ ಅಪಾಯ. ಕಯಾಕ್ ನಿಲ್ಲಿಸಲು ನಾವು ಆರಿಸುವ ಬಂಡೆಯ ಮೂಲೆ, ಮರಳಿನ ಚೂರು ಜಾಗಗಳೇ ನೀರುನಾಯಿಗಳು ಮೈ ಒರಸಿಕೊಂಡು, ಹಿಕ್ಕೆ ಹಾಕಿ ತಮ್ಮ ಗುರುತು ಬಿಡುವ ತಾಣಗಳು. ತುಂಗಭದ್ರೆಯ ಒಂದು ಭಾಗವನ್ನು 2015ರಲ್ಲಿ ನೀರುನಾಯಿಗಳಿಗಾಗಿಯೇ ಸಂರಕ್ಷಣಾ ಮೀಸಲು ಎಂದು ರಾಜ್ಯ ಸರ್ಕಾರ ಘೋಷಿಸಿತು. ಶರಾವತಿ, ಅಘನಾಶಿನಿ, ಕಾಳಿಯ ನೀರುನಾಯಿಗಳಿಗೆ ನಮ್ಮ ಎಚ್ಚರವೇ ಮೀಸಲು.

ಉಣುಗಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಎಳೆಯ ಉಣುಗುಗಳ ಹಾವಳಿ ಹೆಚ್ಚಿರುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ಕಯಾಕ್ ನೀರಿಗಿಳಿಯುವ ತಿಂಗಳುಗಳಲ್ಲೇ. ದಡಕ್ಕಿಳಿದು ಪೊದೆ ನುಗ್ಗಿ ಬಂದ ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮನೆಗೆ ತರುವವರು ಅದರ ಮೈಮೇಲೆ ಏನೇನು ಬಂದಿದೆಯೆಂದು ಯೋಚಿಸಬೇಕು. ಹಾಗೆಯೇ ಇಲಿಜ್ವರ. ರೋಗಾಣುವಿರುವ ನೀರು ಕಾಲಿನ ಗಾಯದ ಮೂಲಕ ಮನುಷ್ಯನಿಗೂ ನಾಯಿಗೂ ಅದನ್ನು ಅಂಟಿಸಬಲ್ಲದು. ಸೋಂಕು ತಗಲಿದ ನಾಯಿ ಮೂತ್ರದ ಮೂಲಕ ಅದನ್ನು ಮತ್ತೆ ನೀರಿಗೂ ನೆಲಕ್ಕೂ ಸೇರಿಸಬಲ್ಲದು.

ಈ ಮಾತುಗಳಿಗೆ ಬರುವ ಆಕ್ಷೇಪ ನನಗೆ ಗೊತ್ತಿದೆ. ಶಿಬಿರದಲ್ಲೇ ಒಬ್ಬ ಹುಡುಗ ಹೇಳಿದ: “ಇಡೀ ಕಣಿವೆ ಮುಳುಗಿಸಿದವರನ್ನು ಯಾರೂ ಕೇಳಲಿಲ್ಲ, ಮರಳು ಎತ್ತುವವರನ್ನು ಕೇಳೋದಿಲ್ಲ, ನಡುಗಡ್ಡೆಯಲ್ಲಿ ಬಾಟಲಿ ಒಡೆದು ಹೋಗೋರನ್ನು ಕೇಳೋದಿಲ್ಲ. ಕೊನೆಗೆ ನಮ್ಮ ನಾಯಿ ಮೇಲೆ ಬಂತಾ ಸಾರ್?” ಅವನ ಸಿಟ್ಟಿನಲ್ಲಿ ನ್ಯಾಯವಿದೆ. ನಮ್ಮ ಹಿನ್ನೀರಿನ ದೊಡ್ಡ ಗಾಯಗಳನ್ನು ಮಾಡಿದ್ದು ನಾಯಿಯಲ್ಲ. ಆದರೆ ದೊಡ್ಡವರ ತಪ್ಪು ನಮ್ಮ ತಪ್ಪಿಗೆ ರಶೀದಿಯಾಗಲಾರದು. ಅಣೆಕಟ್ಟೆಯ ನೀರು ಎಷ್ಟು ಇಳಿಯಬೇಕೆಂಬುದು ನಮ್ಮ ಕೈಯಲ್ಲಿಲ್ಲ. ದೋಣಿಯ ಮೂತಿ ಎಲ್ಲಿ ತಾಗಬೇಕೆಂಬುದು ಪೂರ್ತಿ ನಮ್ಮ ಕೈಯಲ್ಲಿದೆ. ನಮ್ಮ ಕೈಯಲ್ಲಿರುವುದನ್ನು ಸರಿಯಾಗಿ ಇಟ್ಟುಕೊಂಡವರಿಗೆ ಮಾತ್ರ ಉಳಿದವರನ್ನು ಕೇಳುವ ಬಾಯಿ ಇರುತ್ತದೆ.

ಇನ್ನು ನಾಯಿಯ ಹಿತ. ಪ್ರೀತಿಯಿಂದ ಕರೆದೊಯ್ಯುವವರೇ ಅದರ ಜೀವಕ್ಕೆ ಸಂಚಕಾರ ತರುವುದುಂಟು. ನಾಯಿ ನಮ್ಮಂತೆ ಮೈಯಿಂದ ಬೆವರುವುದಿಲ್ಲ. ಅಂಗಾಲಿನ ಅಲ್ಪ ಬೆವರನ್ನು ಬಿಟ್ಟರೆ ನಾಲಿಗೆ ಚಾಚಿ ಏದುವುದೇ ಅದಕ್ಕಿರುವ ತಂಪು. ನೆರಳಿಲ್ಲದ ನೀರಿನ ನಡುವೆ, ಕಾದ ಪ್ಲಾಸ್ಟಿಕ್ಕಿನ ಮೇಲೆ ಮಧ್ಯಾಹ್ನ ಕುಳಿತ ನಾಯಿಗೆ ಸುತ್ತಲೂ ನೀರಿದ್ದೂ ತಾಪಾಘಾತವಾಗಬಹುದು. ವಿಪರೀತ ಏದುಸಿರು, ಅಂಟಾದ ಜೊಲ್ಲು, ತೂರಾಡುವ ನಡಿಗೆ ಅದರ ಲಕ್ಷಣಗಳು. ಕಂಡೊಡನೆ ನೆರಳಿಗೆ ಒಯ್ದು ಮೈಗೆ ತಣ್ಣೀರು ಹಾಕಿ ಪಶುವೈದ್ಯರ ಬಳಿಗೆ ಧಾವಿಸಬೇಕು. ನೀರಿಳಿದ ಕೊಲ್ಲಿಗಳಲ್ಲಿ ಬಣ್ಣ ಬಳಿದಂತೆ ಹಸಿರು ಕೆನೆಗಟ್ಟಿದ ನೀರನ್ನು ಎಂದೂ ಕುಡಿಯಗೊಡಬಾರದು. ಗದ್ದೆ ತೋಟಗಳಿಂದ ಕೊಚ್ಚಿಬಂದ ಸಾರಜನಕ, ರಂಜಕಗಳಿಂದ ಕೊಬ್ಬುವ ನೀಲಿಹಸಿರು ಪಾಚಿಯ ಕೆಲವು ಬಗೆಗಳು ನಾಯಿಯ ಪ್ರಾಣವನ್ನೇ ತೆಗೆಯುವಷ್ಟು ವಿಷಕಾರಿ. ಗೊಬ್ಬರದ ಲೆಕ್ಕ ತಪ್ಪಿದ್ದು ನಮ್ಮಿಂದ, ಬೆಲೆ ತೆರುವುದು ಅದು.

ಹರಿವಿನ ನೀರಿನ ವಿಚಾರವೇ ಬೇರೆ. ದಾಂಡೇಲಿಯ ಕಾಳಿ ನದಿಯಲ್ಲಿ ನೀರು ಏರುವುದು ಇಳಿಯುವುದು ಮೇಲ್ಗಡೆಯ ವಿದ್ಯುದಾಗಾರದಿಂದ ಬಿಡುವ ನೀರನ್ನು ಅವಲಂಬಿಸಿದೆ; ಬೆಳಿಗ್ಗೆ ಮೊಣಕಾಲುದ್ದವಿದ್ದ ಜಾಗ ಹೊತ್ತೇರುವಷ್ಟರಲ್ಲಿ ಬೇರೆಯೇ ಆಗಿರಬಹುದು. ಅಲ್ಲಿ ಮೊಸಳೆಗಳೂ ಇವೆ, ಮೊಸಳೆಗೆ ನಾಯಿ ಇಷ್ಟವಾದ ಆಹಾರ. ಅಂಥ ಕಡೆ ನಾಯಿಯನ್ನು ನೀರಿಗಿಳಿಸುವುದು ಸಾಹಸವಲ್ಲ, ಅವಿವೇಕ. ನಿಂತ ನೀರಿನಲ್ಲಿಯೂ ನಮ್ಮ ಮುಳುಗಡೆಯ ಬೊಡ್ಡೆಗಳು ನೀರಿನ ಮಟ್ಟಕ್ಕೆ ಒಂದೆರಡು ಇಂಚು ಕೆಳಗೆ ಅಡಗಿರುತ್ತವೆ. ಕಯಾಕ್ ಮಗುಚಿದಾಗ ದೋಣಿಗೆ ಹಗ್ಗದಿಂದ ಕಟ್ಟಿದ್ದ ನಾಯಿ ಹೊರಬರಲಾರದು. ಆದ್ದರಿಂದ ದೋಣಿಯ ಮೇಲೆ ನಾಯಿಯನ್ನು ಕಟ್ಟಲೇಬಾರದು, ಬೆನ್ನ ಮೇಲೆ ಹಿಡಿಯುವ ಪಟ್ಟಿಯಿರುವ ತೇಲುವ ಅಂಗಿ ತೊಡಿಸಬೇಕು, ನಾವೂ ತೊಡಬೇಕು. ಹಗ್ಗ ಚೀಲದಲ್ಲಿರಲಿ, ದಡಕ್ಕೆ ಬಂದಾಗ ಅದರ ಕೆಲಸ.

ಹಾಗಾದರೆ ಕರೆದೊಯ್ಯುವ ಬಗೆ ಯಾವುದು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಪುಸ್ತಕದಿಂದಲ್ಲ, ಹಿನ್ನೀರಿನಲ್ಲಿ ಮೀನು ಹಿಡಿದೇ ಬದುಕಿದ ಹಿರಿಯರೊಬ್ಬರಿಂದ. ಅವರ ದೋಣಿಯಲ್ಲಿ ಸದಾ ಒಂದು ಕಂದು ನಾಯಿ. ಬಲೆ ಎತ್ತುವಾಗಲೂ ಅದು ಕೂತಲ್ಲಿಂದ ಕದಲುತ್ತಿರಲಿಲ್ಲ. ಹೇಗೆ ಸಾಧ್ಯವಾಯಿತೆಂದು ಕೇಳಿದೆ. “ಅದು ಓಡಾಡಿದ್ರೆ ಉಗುರಿಗೆ ಸಿಕ್ಕಿ ಬಲೆ ಹರೀತದೆ ಸಾರ್. ಅದಕ್ಕೇ ಮರಿ ಇದ್ದಾಗಲೇ ಅಂಗಳದಲ್ಲಿ ದೋಣಿ ಇಟ್ಟು ಕೂರೋದು ಕಲಿಸಿದ್ದು. ಈಗ ದಡ ಬಂದ್ರೂ ನಾನು ‘ಬಾ’ ಅನ್ನೋವರೆಗೆ ಇಳಿಯೋಲ್ಲ,” ಎಂದರು. ಬಲೆ ಹರಿದರೆ ಅವರಿಗೆ ಆ ದಿನದ ಅನ್ನ ಹೋಗುತ್ತಿತ್ತು, ಆದ್ದರಿಂದ ಕಲಿಸಿದರು. ನಮಗೆ ಹೋಗುವುದು ಏನೂ ಇಲ್ಲ. ಆದ್ದರಿಂದ ನಾವು ಕಲಿಸುವುದಿಲ್ಲ.

ನನ್ನ ಪ್ರಕಾರ ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ನಾಯಿಗೆ ಈಜು ಬರುತ್ತದೆಯೇ ಎಂಬುದು ಮೊದಲ ಪ್ರಶ್ನೆಯಲ್ಲ. ದಡ ಕಂಡಾಗ, ಹಕ್ಕಿ ಹಾರಿದಾಗ, ನೀವು ಹೇಳುವವರೆಗೆ ಅದು ದೋಣಿಯಲ್ಲೇ ಕೂರುತ್ತದೆಯೇ? ಕೂರುವುದಾದರೆ ಕರೆದೊಯ್ಯಿರಿ. ಇಲ್ಲವಾದರೆ ಮೊದಲು ಅಂಗಳದಲ್ಲಿ ಕಯಾಕ್ ಇಟ್ಟು ಹತ್ತುವುದು, ಕೂರುವುದು, ಕರೆದಾಗ ಮಾತ್ರ ಇಳಿಯುವುದನ್ನು ಕಲಿಸಿ. ಉಗುರು ಜಾರದಂತೆ ರಬ್ಬರಿನ ಚಾಪೆಯ ತುಂಡು ಹಾಕಿ. ಆಮೇಲೆ ಮೊಣಕಾಲುದ್ದದ ನೀರಿನಲ್ಲಿ, ಆಮೇಲೆ ದಂಡೆಯ ಪಕ್ಕದಲ್ಲಿ, ಕಾಲು ಗಂಟೆ, ಅರ್ಧ ಗಂಟೆ. ಬೇಕೆಂದೇ ಕಯಾಕನ್ನು ಒಮ್ಮೆ ಮಗುಚಿ, ನಾಯಿಯನ್ನು ಎತ್ತಿ ಹಾಕಿ, ನೀವೂ ಹತ್ತಲು ಬರುತ್ತದೆಯೇ ನೋಡಿಕೊಳ್ಳಿ. ಬರದಿದ್ದರೆ ಹಿನ್ನೀರಿನ ನಡುವಿಗೆ ಹೋಗುವ ದಿನ ಇನ್ನೂ ಬಂದಿಲ್ಲ. ರೇಬೀಸ್, ಡಿಸ್ಟೆಂಪರ್, ಇಲಿಜ್ವರದ ಲಸಿಕೆ ಹಾಕಿಸಿರದ ನಾಯಿ ದೋಣಿ ಹತ್ತದಿರಲಿ. ಮರಳಿ ಬಂದ ಮೇಲೆ ಶುದ್ಧ ನೀರಿನಲ್ಲಿ ತೊಳೆದು, ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣುಗು ಹುಡುಕಿ ತೆಗೆಯಿರಿ. ಕಯಾಕನ್ನೂ ತೊಳೆದು ಒಣಗಿಸಿ. ಒಂದು ಕೆರೆಯ ಕಳೆ ಇನ್ನೊಂದು ಕೆರೆಗೆ ಹೋಗುವುದು ಹೀಗೆಯೇ.

ಎಲ್ಲಿಗೆ ಹೋಗಬಾರದು ಎಂಬುದೂ ಸ್ಪಷ್ಟವಿರಲಿ. 1972ರಲ್ಲಿ ಘೋಷಣೆಯಾಗಿ 2019ರಲ್ಲಿ ವಿಸ್ತರಣೆಗೊಂಡು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವೆಂಬ ಹೆಸರು ಪಡೆದ ಪ್ರದೇಶದಲ್ಲಿ ಹಿನ್ನೀರಿನ ಭಾಗವೂ ಸೇರಿದೆ. ನೀರಿನ ಮೇಲೆ ಗಡಿಯ ಗೆರೆ ಕಾಣುವುದಿಲ್ಲವೆಂಬುದು ನೆಪವಾಗಬಾರದು. ಹೊರಡುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಅಭಯಾರಣ್ಯದೊಳಕ್ಕೆ ನಾಯಿಯನ್ನು ಒಯ್ಯಲೇಬಾರದು. ಅದರ ಹೊರಗೂ ನಮ್ಮ ಬಳಗದ ಮನವಿ ಒಂದೇ: ಫೆಬ್ರವರಿಯಿಂದ ಮುಂಗಾರು ಹಿಡಿಯುವವರೆಗೆ ಬೋಳು ನಡುಗಡ್ಡೆಗಳಲ್ಲಿ ಯಾರೂ ಇಳಿಯದಿರೋಣ, ನಾಯಿಯಿರಲಿ, ಇಲ್ಲದಿರಲಿ. ದೂರದಿಂದ ನೋಡೋಣ. ಹಕ್ಕಿ ಎದ್ದು ಕೂಗಿದರೆ ನಾವು ಆಗಲೇ ಹೆಚ್ಚು ಹತ್ತಿರ ಬಂದಿದ್ದೇವೆಂದು ತಿಳಿದು ಹುಟ್ಟನ್ನು ಹಿಂದಕ್ಕೆ ಹಾಕೋಣ. ವಿಶ್ರಾಂತಿಗೆ, ಊಟಕ್ಕೆ ಊರಿನ ದಡಗಳೇ ಇವೆ. ಹೋಂ ಸ್ಟೇ ನಡೆಸುವ ಬಂಧುಗಳು ಕಯಾಕ್ ಕೊಡುವಾಗಲೇ ಅತಿಥಿಗಳಿಗೆ ಈ ಮಾತು ಹೇಳಲಿ. ಹಿನ್ನೀರಿನ ಮಕ್ಕಳು ಯಾವ ನಡುಗಡ್ಡೆಯಲ್ಲಿ ಯಾವ ಹಕ್ಕಿ ಕೂತಿದೆಯೆಂದು ಗುರುತು ಹಾಕಿದ ನಕ್ಷೆಯೊಂದನ್ನು ಶಾಲೆಯ ಗೋಡೆಗೆ ಹಚ್ಚಲಿ. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ, ಗ್ರಾಮಸಭೆಯಲ್ಲಿ ಐದು ನಿಮಿಷ ಸಾಕು.

ಕರಿಯನಿಗೆ ಈಗ ವಯಸ್ಸಾಗಿದೆ. ಆ ಏಪ್ರಿಲ್ ನಂತರ ಎರಡು ಮಳೆಗಾಲ ಅಂಗಳದಲ್ಲಿ ಅವನಿಗೆ ದೋಣಿಯ ಪಾಠವಾಯಿತು. ಪಾಠ ಬೇಗ ಕಲಿತದ್ದು ಅವನು, ನಿಧಾನವಾಗಿ ಕಲಿತದ್ದು ನಾನು. ಕಳೆದ ವರ್ಷ ಅದೇ ನಡುಗಡ್ಡೆಯಿಂದ ದೂರದಲ್ಲಿ ಹುಟ್ಟು ನಿಲ್ಲಿಸಿ ಕುಳಿತಿದ್ದೆವು. ಟಿಟ್ಟಿಭವೊಂದು ನೆಲದ ಮೇಲೆ ರೆಕ್ಕೆ ಅರೆ ಬಿಚ್ಚಿ ನಿಂತಿತ್ತು. ಕರಿಯನ ಮೂಗು ಅತ್ತಲೇ ತಿರುಗಿ ಅದುರುತ್ತಿತ್ತು, ಮೈಯೆಲ್ಲ ಬಿಗಿದಿತ್ತು, ಆದರೆ ಅವನು ಏಳಲಿಲ್ಲ. ಹಕ್ಕಿಯೂ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾವು ದೋಣಿ ತಿರುಗಿಸಿ ಊರಿನ ದಡಕ್ಕೆ ಬಂದೆವು.